ರಸಾಯನ ವಿಜ್ಞಾನದ ಪದವಿ: ಸೇರುವ ಮೊದಲು ಮನೆಯಲ್ಲೇ ಹಾಕಬೇಕಾದ ಲೆಕ್ಕ

ಮೇ ತಿಂಗಳು. ಕಾಫಿ ಕಣ ಖಾಲಿ ಬಿದ್ದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಕೊಡಗಿನ ಸುಂಟಿಕೊಪ್ಪದ ಕಡೆಯ ನಮ್ಮ ನೆರೆಯವರು ತೋಟಕ್ಕೆ ಸಿಂಪಡಿಸಲು ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ಕಲಸುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿಯಾದ ಮೇಲೆ ತಿಕ್ಕಿ ಬೆಳಗಿದ ಚೂರಿಯೊಂದನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಅಲಗಿನ ಮೇಲೆ ಕೆಂಚು ಬಣ್ಣ ಹತ್ತಿತ್ತು. ‘ಸುಣ್ಣ ಸಾಲದು’ ಎಂದು ಇನ್ನಷ್ಟು ಸುಣ್ಣದ ನೀರು ಸುರಿದರು. ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು: ‘ಅಪ್ಪ, ಆ ಕೆಂಪು ಚೂರಿಯ ತುಕ್ಕೋ, ತುತ್ತದ ತಾಮ್ರವೋ?’

ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಚೂರಿ ಅದ್ದುವ ಪದ್ಧತಿ ಅವರ ತಂದೆಯಿಂದ ಬಂದದ್ದು. ಅವರು ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ಇವಳಿಗೆ ಕೆಮಿಸ್ಟ್ರಿಯಲ್ಲಿ ಡಿಗ್ರಿ ಮಾಡಬೇಕಂತೆ. ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ, ಒಮ್ಮೆ ಬರೆದು ಕೊಡಿ’ ಎಂದರು. ಜೇಬಿನಲ್ಲಿದ್ದ ಕಾಫಿ ಮಾರಿದ ಚೀಟಿಯ ಹಿಂಬದಿಯಲ್ಲೇ ಬರೆಯತೊಡಗಿದೆ. ಜಾಗ ಸಾಲಲಿಲ್ಲ. ಆ ಲೆಕ್ಕವನ್ನೇ ಬಿಡಿಸಿ ಇಲ್ಲಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಅಗ್ಗದ ಪದವಿ. ಮನೆಗಳಿಗೆ ಏಟು ಬೀಳುವುದು ಅದರ ಶುಲ್ಕದಿಂದಲ್ಲ. ಅದು ಮುಗಿದ ಮೇಲೆ ‘ಮುಂದೇನು, ನೋಡೋಣ’ ಎಂದು ಕುಳಿತುಕೊಳ್ಳುವ ವರ್ಷಗಳಿಂದ. ನಾನೂ ಹಾಗೆ ಎರಡು ವರ್ಷ ಕುಳಿತವನು. ಹಾಗಾಗಿ ಇಲ್ಲಿನ ಲೆಕ್ಕವೆಲ್ಲ ಮೂರು ವರ್ಷದ ಪದವಿಯ ಆಚೆಯಿಂದ ಹಿಂದಕ್ಕೆ ನಡೆಯುತ್ತದೆ.

ಮೊದಲ ಹೆಜ್ಜೆ: ಎರಡನೆಯ ಮೆಟ್ಟಿಲನ್ನು ಮೊದಲು ಆರಿಸಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ ಕಾಣಬಹುದು. ಆದರೆ ರಸಾಯನ ವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿದವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಇಪ್ಪತ್ತೊಂದನೆಯ ವಯಸ್ಸಿಗೇ ಕಾರ್ಖಾನೆಯ ಪ್ರಯೋಗಾಲಯ ಸೇರುವುದು, ಬಿ.ಎಡ್. ಮಾಡಿ ಶಾಲೆಗೆ ಹೋಗುವುದು, ಎಂ.ಎಸ್ಸಿ. ಮಾಡಿ ಅಲ್ಲಿಂದ ಕಾಲೇಜು, ಸಂಶೋಧನೆ ಅಥವಾ ಕಾರ್ಖಾನೆಯ ಮೇಲಿನ ಹುದ್ದೆಗಳತ್ತ ನಡೆಯುವುದು. ಮೂರಕ್ಕೂ ಬೇಕಾಗುವ ಹಣ ಬೇರೆ, ಕಾಲ ಬೇರೆ, ಪದವಿಯಲ್ಲಿ ತೆಗೆದುಕೊಳ್ಳಬೇಕಾದ ಜೊತೆ ವಿಷಯಗಳೂ ಬೇರೆ.

ಜೊತೆ ವಿಷಯದ ಆಯ್ಕೆಯನ್ನು ಬಹಳ ಮಂದಿ ಗೆಳತಿ ಏನು ತೆಗೆದುಕೊಂಡಳು ಎಂದು ನೋಡಿ ಮುಗಿಸುತ್ತಾರೆ. ಭೌತ ವಿಜ್ಞಾನ ಮತ್ತು ಗಣಿತ ಜೊತೆಗಿದ್ದರೆ ಕೈಗಾದಂಥ ಅಣು ವಿದ್ಯುತ್ ಸ್ಥಾವರಗಳಿಗೆ ತರಬೇತಿ ವೇತನದೊಂದಿಗೆ ಬಿ.ಎಸ್ಸಿ. ಪದವೀಧರರನ್ನು ತೆಗೆದುಕೊಳ್ಳುವ ನೇಮಕಾತಿಗಳಿಗೆ ಅರ್ಜಿ ಹಾಕಬಹುದು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಜೊತೆಗಿದ್ದರೆ ಆಹಾರ, ಕಾಫಿ, ಔಷಧದ ಕಡೆ ಹೊರಳುವುದು ಸಲೀಸು. ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇಂಥವರಿಗೇ ಹೇಳಿ ಮಾಡಿಸಿದಂತಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ; ರಸಾಯನ ವಿಜ್ಞಾನ ಓದಿದವರು ಅತ್ತ ಹೋಗಬಹುದು. ಕಾಫಿ, ಕಾಳುಮೆಣಸು, ಏಲಕ್ಕಿ, ಜೇನು ಎಲ್ಲವೂ ಬೆಳೆಯುವ ಜಿಲ್ಲೆಯ ಮಕ್ಕಳು ಈ ಎರಡು ದಾರಿಗಳ ಹೆಸರನ್ನೇ ಕೇಳಿರುವುದಿಲ್ಲ ಎನ್ನುವುದು ನನಗೆ ಇಂದಿಗೂ ಸೋಜಿಗ.

ಶಿಕ್ಷಕ ವೃತ್ತಿಯೇ ಗುರಿ ಎಂದು ಮಗುವಿಗೆ ಈಗಲೇ ಖಚಿತವಿದ್ದರೆ ಇನ್ನೊಂದು ಒಳದಾರಿ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ. ಮತ್ತು ಬಿ.ಎಡ್. ಒಟ್ಟಿಗೆ ನಾಲ್ಕು ವರ್ಷಕ್ಕೆ ಮುಗಿಯುತ್ತವೆ. ಬೇರೆ ಬೇರೆಯಾಗಿ ಮಾಡಿದರೆ ಮೂರು ಮತ್ತು ಎರಡು, ಒಟ್ಟು ಐದು. ಉಳಿಯುವ ಒಂದು ವರ್ಷದ ಬೆಲೆ ಎಷ್ಟೆಂದು ಮುಂದೆ ನೋಡೋಣ. ಅದಕ್ಕೆ ಪ್ರವೇಶ ಪರೀಕ್ಷೆ ಇರುವುದರಿಂದ ಪಿಯುಸಿ ಫಲಿತಾಂಶ ಬಂದ ಮೇಲೆ ಯೋಚಿಸಿದರೆ ಬಸ್ಸು ಹೋಗಿರುತ್ತದೆ.

ಎರಡನೆಯ ಹೆಜ್ಜೆ: ಖರ್ಚಿನ ಪುಟ

ಇಲ್ಲಿಂದ ಮುಂದೆ ನಾನು ಕೊಡುವ ಶುಲ್ಕ, ಊಟ, ಸಂಬಳದ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ಹಾಕಿದ ಉದಾಹರಣೆಗಳು. ಕಾಲೇಜಿನ ರಸೀದಿ, ಹಾಸ್ಟೆಲಿನ ದರಪಟ್ಟಿ ಕೈಗೆ ಬಂದ ಕೂಡಲೇ ಅವನ್ನು ಹೊಡೆದು ಹಾಕಿ ನಿಮ್ಮವನ್ನು ಬರೆದುಕೊಳ್ಳಿ.

ಮನೆಯಿಂದಲೇ ಓಡಾಡಿ ಓದುವುದಾದರೆ: ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜೋ, ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜುಗಳೋ, ಯಾವುದು ಹತ್ತಿರವೋ ಅದು. ವರ್ಷಕ್ಕೆ ಶುಲ್ಕ 12,000, ಪುಸ್ತಕ, ರೆಕಾರ್ಡ್, ಲ್ಯಾಬ್ ಕೋಟ್‌ಗೆ 5,000, ಮಧ್ಯಾಹ್ನದ ಊಟ ತಿಂಡಿಗೆ 8,000, ಪರೀಕ್ಷಾ ಶುಲ್ಕ, ಮೊಬೈಲ್, ಇತರೆಗೆ 5,000. ಒಟ್ಟು 30,000. ಮೂರು ವರ್ಷಕ್ಕೆ 90,000.

ಬಸ್ಸಿನ ಸಾಲು ಬಿಟ್ಟಿದ್ದೇನೆ, ಏಕೆಂದರೆ ನಮ್ಮ ಲೆಕ್ಕ ಮಗಳದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮಗನಾದರೆ ವಿದ್ಯಾರ್ಥಿ ಪಾಸಿನ ಹಣ ಸೇರಿಸಿ. ಖಾಸಗಿ ಬಸ್ಸು ಮಾತ್ರ ಓಡುವ ಒಳದಾರಿಯಲ್ಲಿ ನಿಮ್ಮ ಮನೆ ಇದ್ದರೆ ಯೋಜನೆ ನಿಮಗೆ ಮುಖ್ಯರಸ್ತೆಯಿಂದ ಶುರುವಾಗುತ್ತದೆ. ಅಲ್ಲಿಯವರೆಗಿನ ಆಟೋ ಬಾಡಿಗೆ ಬರೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ಗುಡ್ಡದ ಬರೆ ಜರಿದು ಬಸ್ಸು ಬಾರದ ದಿನಗಳಿರುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆಯೇ ಕಡಿದು ಹೋಗಿತ್ತು. ಪ್ರಾಯೋಗಿಕ ತರಗತಿ ತಪ್ಪಿದರೆ ಪಕ್ಕದವಳ ನೋಟ್ಸ್ ನೋಡಿ ತುಂಬಿಕೊಳ್ಳಲು ಆಗುವುದಿಲ್ಲ. ಆ ಮೂರು ತಿಂಗಳು ಪಟ್ಟಣದಲ್ಲಿ ಅತ್ತೆಯ ಮನೆಯೋ, ಚಿಕ್ಕಮ್ಮನ ಮನೆಯೋ ಇದ್ದರೆ ಈಗಲೇ ಮಾತಾಡಿಡಿ.

ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವುದಾದರೆ: ಶುಲ್ಕ 30,000, ಹಾಸ್ಟೆಲ್ ಮತ್ತು ಊಟ ತಿಂಗಳಿಗೆ 7,000ದಂತೆ ಹತ್ತು ತಿಂಗಳಿಗೆ 70,000, ಊರಿಗೆ ಓಡಾಟ 6,000, ಪುಸ್ತಕ 5,000, ಇತರೆ 9,000. ವರ್ಷಕ್ಕೆ 1,20,000. ಮೂರು ವರ್ಷಕ್ಕೆ 3,60,000.

ಎರಡರ ನಡುವಿನ ಅಂತರ 2,70,000. ಈಗ ಎಂ.ಎಸ್ಸಿ.ಯ ಲೆಕ್ಕ ಹಾಕಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೋ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯಲ್ಲೋ ಹೊರಗೆ ಉಳಿದು ಓದಲು ವರ್ಷಕ್ಕೆ 1,30,000 ಎಂದಿಟ್ಟುಕೊಂಡರೆ ಎರಡು ವರ್ಷಕ್ಕೆ 2,60,000. ಅಂದರೆ ಬಿ.ಎಸ್ಸಿ.ಯನ್ನು ಮನೆಯಿಂದ ಮಾಡಿ ಉಳಿಸಿದ ಹಣದಲ್ಲಿ ಇಡೀ ಎಂ.ಎಸ್ಸಿ. ಮುಗಿದು ಇನ್ನೂ ಹತ್ತು ಸಾವಿರ ಮಿಗುತ್ತದೆ. ಚೀಟಿಯ ಹಿಂದೆ ಈ ಎರಡು ಸಾಲು ಬರೆದಾಗ ನೆರೆಯವರು ಚೂರಿ ಕೆಳಗಿಟ್ಟು ಹತ್ತಿರ ಬಂದು ಕುಳಿತರು.

ಇಷ್ಟಾಗಿಯೂ ಮೈಸೂರೇ ಸರಿ ಎನ್ನುವ ಸಂದರ್ಭಗಳಿವೆ. ಅದು ಪ್ರಯೋಗಾಲಯದ ವಿಷಯ, ಮುಂದೆ ಬರುತ್ತದೆ.

ಇನ್ನು ಯಾರೂ ಬರೆಯದ ಸಾಲು: ಓದುವ ಹೊತ್ತಿಗೆ ಕೈಬಿಟ್ಟ ಸಂಪಾದನೆ. ಮಗಳು ಓದದೆ ಹೋಂಸ್ಟೇಯಲ್ಲೋ ಕುಶಾಲನಗರದ ಅಂಗಡಿಯಲ್ಲೋ ಕೆಲಸಕ್ಕೆ ನಿಂತಿದ್ದರೆ ತಿಂಗಳಿಗೆ 12,000 ತರುತ್ತಿದ್ದಳು ಎನ್ನಿ. ಮೂರು ವರ್ಷಕ್ಕೆ 4,32,000. ಐದು ವರ್ಷಕ್ಕೆ 7,20,000. ಬಿ.ಎಸ್ಸಿ.ಯ ಶುಲ್ಕ ಇದರ ಮುಂದೆ ಪುಡಿಗಾಸು. ‘ಕೆಲಸಕ್ಕೆ ಕಳುಹಿಸುವ ಯೋಚನೆಯೇ ನಮಗಿರಲಿಲ್ಲವಲ್ಲ’ ಎಂದು ನೆರೆಯವರ ಮನೆಯವರು ಒಳಗಿನಿಂದ ಕೂಗಿ ಹೇಳಿದರು. ಸರಿ, ಇಲ್ಲದಿರಬಹುದು. ಆದರೂ ಬರೆಯಿರಿ. ಒಂದು ವರ್ಷ ಸುಮ್ಮನೆ ಕುಳಿತರೆ ಏನು ಕಳೆದುಕೊಂಡಂತಾಯಿತು ಎಂಬುದು ಈ ಸಾಲಿಲ್ಲದೆ ಕಾಣುವುದೇ ಇಲ್ಲ. ಒಂದು ವರ್ಷಕ್ಕೆ 1,44,000.

ಮೂರನೆಯ ಹೆಜ್ಜೆ: ಹಣ ಯಾವ ತಿಂಗಳು ಬೇಕು, ಯಾವ ತಿಂಗಳು ಬರುತ್ತದೆ

ಸಂಬಳದಾರರ ಮನೆಗೆ ಈ ಹೆಜ್ಜೆ ಬೇಡ. ತೋಟದ ಮನೆಗೆ ಬೇಕೇ ಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಅದರ ಹಿಂದೆಯೇ ಫೆಬ್ರವರಿ, ಮಾರ್ಚ್‌ವರೆಗೆ. ಕೈಯಲ್ಲಿ ಕಾಸು ಆಡುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಕಾಲೇಜಿನವರು ಶುಲ್ಕ ಕೇಳುವುದು ಜೂನ್, ಜುಲೈನಲ್ಲಿ. ಆಗ ಗೊಬ್ಬರ, ಔಷಧಿ ಸಿಂಪಡಣೆ, ನೆರಳು ಕಡಿಸಿದ ಕೂಲಿ ಎಂದು ಹಣ ಕರಗಿರುತ್ತದೆ. ಇಲ್ಲದ್ದಕ್ಕಲ್ಲ, ಹೊತ್ತಿಗೆ ಒದಗದ್ದಕ್ಕೆ ಮನೆಗಳು ಚಿನ್ನ ಅಡವಿಡುತ್ತವೆ.

ನನ್ನ ಸಲಹೆ ಸರಳ. ಕಾಳುಮೆಣಸು ಚೆನ್ನಾಗಿ ಒಣಗಿದ್ದರೆ ಅಟ್ಟದಲ್ಲಿ ವರ್ಷಗಟ್ಟಲೆ ಕೆಡದೆ ಕೂರುತ್ತದೆ. ಒಂದು ವರ್ಷದ ಶುಲ್ಕಕ್ಕೆ ಎಷ್ಟು ಚೀಲ ಬೇಕೋ ಅಷ್ಟನ್ನು ಮಗುವಿನ ಹೆಸರು ಬರೆದು ಬೇರೆ ಇಡಿ, ಜೂನ್‌ನಲ್ಲಿ ಮಾರಿ. ಮೆಣಸಿಲ್ಲದವರು ಕಾಫಿ ಮಾರಿದ ವಾರವೇ ಆ ಮೊತ್ತವನ್ನು ಸಹಕಾರ ಸಂಘದಲ್ಲಿ ಮೂರು ತಿಂಗಳ ಠೇವಣಿಗೆ ಹಾಕಿ. ಬೆಳೆ ಸಾಲದ ಹಣದಲ್ಲಿ ಶುಲ್ಕ ಕಟ್ಟುವ ಅಭ್ಯಾಸ ಮಾತ್ರ ಬೇಡ. ತೋಟಕ್ಕೆ ಹೋಗಬೇಕಾದ ಗೊಬ್ಬರ ಹೋಗದಿದ್ದರೆ ಅದರ ಏಟು ಎರಡನೆಯ ವರ್ಷದ ಶುಲ್ಕದ ಹೊತ್ತಿಗೆ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ವಿದ್ಯಾರ್ಥಿವೇತನ ಕಳೆಯಿರಿ, ಸಾಲ ಕೂಡಿಸಿ

ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500; ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ನಿಗದಿಯಾಗಿತ್ತು; ಈ ವರ್ಷ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಇದಕ್ಕೆ ರೈತರ ನೋಂದಣಿ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಕೊಡಗಿನಲ್ಲಿ ತೊಡಕು ಇರುವುದೇ ಇಲ್ಲಿ: ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೋ ಕುಟುಂಬದ ಯಜಮಾನರಾದ ಪಟ್ಟೇದಾರರ ಹೆಸರಿನಲ್ಲೋ ಇದ್ದರೆ ನೋಂದಣಿ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಮಗು ಪಿಯುಸಿಯಲ್ಲಿರುವಾಗಲೇ ಶುರು ಮಾಡಿ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆಂದು ತಿಂಗಳಿಗಿಷ್ಟರಂತೆ ಹತ್ತು ತಿಂಗಳು. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 1ರಷ್ಟು ವಿದ್ಯಾರ್ಥಿಗಳಲ್ಲಿ ಸೇರಿ ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ, ವರ್ಷಕ್ಕೆ 80,000. ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಇಂಜಿನಿಯರಿಂಗ್‌ಗೆ ಹೋದವರಿಗೆ ಇದು ಇಲ್ಲ, ಬಿ.ಎಸ್ಸಿ.ಯವರು ಹೆಮ್ಮೆಪಡಬಹುದಾದ ಕೆಲವೇ ಸವಲತ್ತುಗಳಲ್ಲಿ ಇದೊಂದು. ಆಯಾ ವರ್ಷದ ಪ್ರಕಟಣೆ ನೋಡಿಕೊಂಡು ಅರ್ಜಿ ಹಾಕಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಹಣ ಮಂಜೂರಾಗಿಯೂ ಖಾತೆ ತಲುಪದೆ ನಿಲ್ಲುವುದು ಹೆಚ್ಚಾಗಿ ಈ ಜೋಡಣೆಯಲ್ಲಿ.

ಸಿಗಬಹುದು ಎನ್ನುವ ವಿದ್ಯಾರ್ಥಿವೇತನವನ್ನು ಲೆಕ್ಕದಲ್ಲಿ ಕಳೆಯಬೇಡಿ. ಸಿಕ್ಕಮೇಲೆ ಕಳೆಯಿರಿ. ಬಂದಾಗ ಖುಷಿಪಟ್ಟರಾಯಿತು.

ಸಾಲದ ವಿಷಯ ಸ್ವಲ್ಪ ನಿಧಾನವಾಗಿ ಓದಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ತಂದೆ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ವರ್ಷಕ್ಕೆ ಒಂದು ಲಕ್ಷದಂತೆ ಮೂರು ವರ್ಷ ಸಾಲ ತೆಗೆದಿರಿ, ಬಡ್ಡಿ ಶೇ 10 ಎನ್ನಿ. ಮೊದಲ ಲಕ್ಷಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು: ಸರಳ ಬಡ್ಡಿಯಲ್ಲೇ 40,000, 30,000, 20,000. ಕಂತು ಶುರುವಾಗುವ ದಿನ ಸಾಲ 3 ಲಕ್ಷವಲ್ಲ, 3,90,000. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 6,475. ಕೊನೆಗೆ ಕಟ್ಟಿದ ಒಟ್ಟು ಹಣ ಸುಮಾರು 5,44,000.

ಓದುವ ಹೊತ್ತಿನಲ್ಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ 833, ಎರಡನೆಯ ವರ್ಷ 1,667, ಆಮೇಲೆ 2,500. ಹಾಗೆ ಮಾಡಿದರೆ ಕಂತು 4,980ಕ್ಕೆ ಇಳಿಯುತ್ತದೆ. ಮಗಳ ಮೊದಲ ಸಂಬಳ ಹದಿನೆಂಟು ಸಾವಿರವಾದರೆ ಆ ಒಂದೂವರೆ ಸಾವಿರದ ವ್ಯತ್ಯಾಸ ಬಹಳ ದೊಡ್ಡದು. ಬರೀ ಬಿ.ಎಸ್ಸಿ.ಗೆ ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಕಡೆ ಎಂ.ಎಸ್ಸಿ. ಸೀಟು ಸಿಕ್ಕಾಗ ಮಾಡಿ.

ಐದನೆಯ ಹೆಜ್ಜೆ: ಆದಾಯದ ಪುಟ, ಕೈಯಲ್ಲಿ ಉಳಿಯುವ ಲೆಕ್ಕದಲ್ಲಿ

ಕೊಡಗಿನೊಳಗೆ ರಸಾಯನ ವಿಜ್ಞಾನಿಗೆ ಸಿಗುವ ಕೆಲಸಗಳು ಬೆರಳೆಣಿಕೆಯವು. ಕೂಡಿಗೆ, ಕೂಡ್ಲೂರಿನ ಕಾಫಿ ಸಂಸ್ಕರಣಾ ಘಟಕಗಳು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಮಣ್ಣು ಮತ್ತು ನೀರು ಪರೀಕ್ಷೆಯ ಪ್ರಯೋಗಾಲಯಗಳು, ಶಾಲೆ ಕಾಲೇಜುಗಳು. ಉಳಿದದ್ದೆಲ್ಲ ಗಡಿಯಾಚೆ: ನಂಜನಗೂಡಿನ ಔಷಧ ಮತ್ತು ಆಹಾರ ಕಾರ್ಖಾನೆಗಳು, ಮೈಸೂರು, ಮಂಗಳೂರಿನ ಬೈಕಂಪಾಡಿ, ಬೆಂಗಳೂರಿನ ಪೀಣ್ಯ. ಮಗಳು ಜಿಲ್ಲೆ ಬಿಟ್ಟು ಹೋಗುವುದು ಮನೆಗೆ ಒಪ್ಪಿಗೆಯಿಲ್ಲ ಎಂದಾದರೆ ಶಿಕ್ಷಕ ವೃತ್ತಿಯೊಂದೇ ದಾರಿ ಎಂದು ತಿಳಿದು ಅದರಂತೆ ಮೊದಲ ಹೆಜ್ಜೆಗೆ ಹಿಂತಿರುಗಿ. ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ಮೂರನೆಯ ವರ್ಷದಲ್ಲಿ ಚರ್ಚಿಸುವ ಮನೆಗಳನ್ನು ನೋಡಿ ನನಗೆ ಸಾಕಾಗಿದೆ.

ಕಾರ್ಖಾನೆಯ ಗುಣಮಟ್ಟ ವಿಭಾಗದ ಕೆಲಸ ಹೇಗಿರುತ್ತದೆ? ಬೆಳಿಗ್ಗೆ ಆರಕ್ಕೆ ಪಾಳಿ. ನೀಲಿ ಟೋಪಿ, ಮುಖಗವಸು, ಬೂಟಿನ ಮೇಲೊಂದು ಹೊದಿಕೆ. ಮೇಜಿನ ಮೇಲೆ ಸಾಲಾಗಿ ಮಾದರಿಗಳು. ತೂಕದ ಯಂತ್ರ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದವರೆಗೆ ತೋರಿಸುತ್ತದೆ, ಪಕ್ಕದಲ್ಲಿ ಉಸಿರು ಬಿಟ್ಟರೂ ಅಂಕಿ ಕುಣಿಯುತ್ತದೆ. ತೂಗಿದ್ದನ್ನು ಕರಗಿಸಿ, ಸೋಸಿ, ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟು, ಬಂದ ಗೆರೆಗಳ ಕೆಳಗಿನ ವಿಸ್ತೀರ್ಣ ನೋಡಿ, ಮಾತ್ರೆಯಲ್ಲಿ ಔಷಧ ಹೇಳಿದಷ್ಟು ಇದೆಯೇ ಎಂದು ಬರೆಯಬೇಕು. ಬರೆದ ಅಂಕಿ ತಪ್ಪಾದರೆ ಅಳಿಸುವಂತಿಲ್ಲ: ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು. ದಿನಕ್ಕೆ ಇದೇ ಕೆಲಸ ಹತ್ತಾರು ಬಾರಿ. ಬೇಸರವಾಗುವವರಿಗೆ ಮೂರೇ ತಿಂಗಳಲ್ಲಿ ಆಗುತ್ತದೆ. ಅಂಕಿ ಸರಿ ಬಂದಾಗ ಒಳಗೊಳಗೇ ಖುಷಿಪಡುವ ಸ್ವಭಾವದವರು ಉಳಿಯುತ್ತಾರೆ, ಮೂರು ವರ್ಷದ ಹೊತ್ತಿಗೆ ಯಂತ್ರ ಕೈಗೆ ಹತ್ತಿರುತ್ತದೆ, ಬೇರೆ ಕಂಪನಿಯವರು ಕರೆಯುತ್ತಾರೆ. ಈ ವೃತ್ತಿಯಲ್ಲಿ ಸಂಬಳ ಏರುವುದು ಹೀಗೆ ಕೈಪಳಗಿದ ಮೇಲೆ. ಮೊದಲ ಸಂಬಳ ನೋಡಿ ನಿರ್ಧರಿಸಿದರೆ ತಪ್ಪುತ್ತೀರಿ.

ಆ ಮೊದಲ ಸಂಬಳವನ್ನು ಬಿಡಿಸಿ ನೋಡೋಣ. ನೇಮಕಾತಿ ಪತ್ರದಲ್ಲಿ ದೊಡ್ಡದಾಗಿ ಬರೆದಿರುವ ವಾರ್ಷಿಕ ಮೊತ್ತದಲ್ಲಿ ಕಂಪನಿ ಕಟ್ಟುವ ಭವಿಷ್ಯ ನಿಧಿಯ ಪಾಲೂ ಸೇರಿರುತ್ತದೆ. ನಿಮ್ಮ ಪಾಲು, ಮೂಲ ವೇತನದ ಶೇ 12, ಮತ್ತೆ ಕಡಿತವಾಗುತ್ತದೆ. ‘ತಿಂಗಳಿಗೆ ಕೈಗೆ ಎಷ್ಟು?’ ಎಂದು ಕೇಳಲು ಸಂಕೋಚ ಬೇಡ. ಕೈಗೆ 18,000 ಎನ್ನಿ. ಮೂವರು ಸೇರಿ ಹಿಡಿದ ರೂಮಿನ ಪಾಲು 3,000, ಊಟ 4,500, ಮೊಬೈಲ್ ಮತ್ತು ಊರಿನ ಓಡಾಟ 1,500. ಉಳಿದದ್ದು 9,000. ಊರಲ್ಲೇ 12,000 ದುಡಿದು ಮನೆಯ ಊಟಕ್ಕೆಂದು 3,000 ಕೊಟ್ಟರೂ ಉಳಿಯುವುದು 9,000. ಎರಡೂ ಒಂದೇ! ಮೊದಲ ವರ್ಷ ಪದವಿ ತಂದುಕೊಟ್ಟ ಹೆಚ್ಚುವರಿ ಸೊನ್ನೆ. ಕಂಪನಿಯ ಬಸ್ಸು, ಕ್ಯಾಂಟೀನ್ ಊಟ, ರಾತ್ರಿ ಪಾಳಿಯ ಭತ್ಯೆ ಇದ್ದರೆ ಅಷ್ಟರಮಟ್ಟಿಗೆ ಲಾಭ. ಆದ್ದರಿಂದ ಕ್ಯಾಂಟೀನ್ ಇದೆಯೇ ಎಂಬ ಪ್ರಶ್ನೆ ಕ್ಷುಲ್ಲಕವಲ್ಲ.

ಇನ್ನೊಂದು ಎಚ್ಚರಿಕೆ, ಸ್ವಂತ ಅನುಭವದ್ದು. ನಾನು ಮೊದಲು ಸೇರಿದ ಕಾರ್ಖಾನೆಯವರು ‘ಪರಿಶೀಲನೆಗೆ’ ಎಂದು ಮೂಲ ಅಂಕಪಟ್ಟಿ ಇಟ್ಟುಕೊಂಡರು. ಮರಳಿ ಪಡೆಯಲು ಏಳು ತಿಂಗಳು ಬೇಕಾಯಿತು, ಅಷ್ಟರಲ್ಲಿ ಬಿ.ಎಡ್. ಸೇರ್ಪಡೆಯ ದಿನಾಂಕ ದಾಟಿತ್ತು. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ಬಿ.ಎಡ್. ದಾರಿಯಲ್ಲಿ, ಹಿರಿಯ ಪ್ರಾಥಮಿಕ ಶಾಲೆಗಾದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ. ಸರ್ಕಾರಿ ಹುದ್ದೆ ಸಿಕ್ಕರೆ ವೇತನ ಗೌರವದ್ದು. 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಅತಿ ಕಡಿಮೆ ಮೂಲ ವೇತನವೇ 27,000, ಪ್ರೌಢಶಾಲಾ ಶಿಕ್ಷಕರದ್ದು ಅದಕ್ಕಿಂತ ಬಹಳ ಮೇಲೆ. ಆದರೆ ನೇಮಕಾತಿ ಪ್ರತಿವರ್ಷ ನಡೆಯುವ ಜಾತ್ರೆಯಲ್ಲ. ಅಲ್ಲಿಯವರೆಗೆ ಖಾಸಗಿ ಶಾಲೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಎಂ.ಎಸ್ಸಿ. ಜೊತೆ ಬಿ.ಎಡ್. ಕೂಡ ಬೇಕು ಎಂಬುದನ್ನು ಮರೆತು ಎಂ.ಎಸ್ಸಿ. ಮುಗಿಸಿ ಮತ್ತೆ ಎರಡು ವರ್ಷ ಬಿ.ಎಡ್.ಗೆ ಕೊಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ.

ಎಂ.ಎಸ್ಸಿ. ಮುಗಿಸಿದವರಿಗೆ ಬಾಗಿಲುಗಳು ಹೆಚ್ಚು. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ರಸಾಯನ ವಿಜ್ಞಾನದ ಸ್ನಾತಕೋತ್ತರ ಪದವಿಯೂ ಒಂದು ಅರ್ಹತೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಹುದ್ದೆಗಳಿವೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಶಿಷ್ಯವೇತನ ಬಂದರೆ ಪಿಎಚ್.ಡಿ. ಓದುತ್ತಿರುವಾಗಲೇ ತಿಂಗಳಿಗೆ 37,000, ಎರಡು ವರ್ಷದ ನಂತರ 42,000, ಜೊತೆಗೆ ನಿಯಮದಂತೆ ಮನೆ ಬಾಡಿಗೆ ಭತ್ಯೆ. ಪಿಎಚ್.ಡಿ. ಎಂದರೆ ಮತ್ತೆ ಐದು ವರ್ಷ ಮನೆಯಿಂದ ದುಡ್ಡು ಎಂದು ಹೆದರುವ ಅಪ್ಪಂದಿರು ಈ ಅಂಕಿಯನ್ನು ಎರಡು ಬಾರಿ ಓದಲಿ. ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ಶ್ರೇಣಿಯ ಆರಂಭಿಕ ಮೂಲ ವೇತನ 57,700. ಅಲ್ಲಿಗೆ ತಲುಪುವ ತನಕ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕುವ ಕಾಲವೊಂದಿದೆ. ಅದನ್ನು ಲೆಕ್ಕದಲ್ಲಿ ಇಡದವರು ನಲವತ್ತರ ಹೊತ್ತಿಗೆ ಕಹಿಯಾಗುತ್ತಾರೆ.

ಆರನೆಯ ಹೆಜ್ಜೆ: ಭಾಗಾಕಾರ

ಹೋದದ್ದನ್ನು ತಿಂಗಳ ಹೆಚ್ಚುವರಿಯಿಂದ ಭಾಗಿಸಿ. ಬರುವುದು ಹಣ ಮರಳಲು ಬೇಕಾದ ತಿಂಗಳುಗಳು.

ಮನೆಯಿಂದ ಬಿ.ಎಸ್ಸಿ. ಮಾತ್ರ: 90,000 ಮತ್ತು ಕೈಬಿಟ್ಟ 4,32,000 ಸೇರಿ 5,22,000. ಕೈಯಲ್ಲಿ ಉಳಿಯುವುದು ಊರಿನ ಕೆಲಸಕ್ಕಿಂತ 5,000 ಹೆಚ್ಚಾದರೆ 104 ತಿಂಗಳು, 10,000 ಹೆಚ್ಚಾದರೆ 52. ಮೊದಲ ವರ್ಷದಂತೆ ಸೊನ್ನೆಯೇ ಉಳಿದರೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವೆಂದು ಗಣಿತದ ಮೇಷ್ಟ್ರು ಎಂದೋ ಹೇಳಿಕೊಟ್ಟಿದ್ದಾರೆ.

ಮನೆಯಿಂದ ಬಿ.ಎಸ್ಸಿ., ಹೊರಗೆ ಎಂ.ಎಸ್ಸಿ.: 90,000, 2,60,000, ಕೈಬಿಟ್ಟ 7,20,000, ಒಟ್ಟು 10,70,000. ಹೆಚ್ಚುವರಿ 10,000 ಆದರೆ 107 ತಿಂಗಳು, 20,000 ಆದರೆ ಸುಮಾರು 54. ಇದೇ ದಾರಿಯಲ್ಲಿ ನಡುವೆ ಎರಡು ವರ್ಷ ನನ್ನಂತೆ ಕುಳಿತರೆ ಮೊತ್ತ 13,58,000ಕ್ಕೆ ಏರುತ್ತದೆ, 54 ಇದ್ದದ್ದು 68 ಆಗುತ್ತದೆ. ಕುಳಿತದ್ದು 24 ತಿಂಗಳು, ಅದನ್ನು ತೀರಿಸಲು ಮೇಲೆ ಇನ್ನೂ 14. ನಿರುದ್ಯೋಗಿ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತದೆ, ಪದವಿ ಮುಗಿದು ಆರು ತಿಂಗಳ ಮೇಲೆ, ಗರಿಷ್ಠ ಎರಡು ವರ್ಷ. ಪರೀಕ್ಷೆಗಳ ಅರ್ಜಿ ಶುಲ್ಕಕ್ಕೆ, ಬಸ್ಸಿಗೆ ಅದು ಆಗುತ್ತದೆ. ಕುಳಿತುಕೊಳ್ಳಲು ಅದೇ ಕಾರಣವಾಗದಿರಲಿ.

ಏಳನೆಯ ಹೆಜ್ಜೆ: ಕಾಲೇಜಿಗೆ ಹೋಗಿ ಲ್ಯಾಬ್ ನೋಡಿ ಬನ್ನಿ

ಪ್ರವೇಶ ಪಡೆಯುವ ಮುನ್ನ, ಮಗುವನ್ನು ಕರೆದುಕೊಂಡು, ತರಗತಿ ನಡೆಯುವ ದಿನ. ಕಚೇರಿಯಲ್ಲಿ ಕೊಡುವ ಬಣ್ಣದ ಹಾಳೆ ಬೇಡ. ನೇರ ಪ್ರಯೋಗಾಲಯಕ್ಕೆ ಹೋಗಿ ಬ್ಯುರೆಟ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ, ಎಷ್ಟಿವೆ ಎಣಿಸಿ. ಒಬ್ಬ ವಿದ್ಯಾರ್ಥಿಗೆ ಒಂದೋ, ನಾಲ್ವರಿಗೆ ಒಂದೋ? ನಾಲ್ವರಿಗೆ ಒಂದಾದರೆ ಒಬ್ಬರು ಟೈಟ್ರೇಶನ್ ಮಾಡುತ್ತಾರೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಆ ಮೂವರಲ್ಲಿ ನಿಮ್ಮ ಮಗಳಿರಬಹುದು. ಹೊಗೆ ಹೊರಗೆ ಹೋಗುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ, ಇಲ್ಲ ಅದರೊಳಗೆ ಹಳೆಯ ರೆಕಾರ್ಡ್ ಪುಸ್ತಕ ಪೇರಿಸಿದ್ದಾರೆಯೇ? ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಅದರ ಮೇಲಿನ ಧೂಳು ನೋಡಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಕಳೆದ ವರ್ಷ ಮುಗಿಸಿದವರಲ್ಲಿ ಯಾರು ಎಲ್ಲಿಗೆ ಹೋದರು ಎಂದು ಕೇಳಿ. ಅಧ್ಯಾಪಕರಿಗಿಂತ ಲ್ಯಾಬ್ ಸಹಾಯಕರು ಹೆಚ್ಚು ನಿಜ ಹೇಳುತ್ತಾರೆ. ಜಿಲ್ಲೆಯ ಕಾಲೇಜುಗಳಲ್ಲಿ ಲ್ಯಾಬ್ ತೀರಾ ಬಡವಾಗಿ ಕಂಡು, ಮಗು ಸಂಶೋಧನೆಯತ್ತ ಹೋಗುವ ಛಲದ್ದಾಗಿದ್ದರೆ ಆಗ ಮೈಸೂರಿನ 3,60,000ದ ಲೆಕ್ಕಕ್ಕೆ ಅರ್ಥವಿದೆ.

ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದ ಮೇಲೆ ಮಂಗಳೂರು ವಿಶ್ವವಿದ್ಯಾಲಯದ ಕಾಲದ ಕೆಲವು ಏರ್ಪಾಡುಗಳು ಬದಲಾಗಿವೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅಣ್ಣ ಅಕ್ಕಂದಿರು ಹೇಳುವ ನಾಲ್ಕು ವರ್ಷದ ಆನರ್ಸ್ ಕತೆಯನ್ನು ನಂಬಿ ಲೆಕ್ಕ ಹಾಕಬೇಡಿ, ಈ ವರ್ಷದ ಪಠ್ಯಕ್ರಮ ಕೇಳಿ ಪಡೆಯಿರಿ.

ಮಗುವಿಗೆ ವಿಷಯ ಹಿಡಿಸುತ್ತದೆಯೇ ಎಂಬುದಕ್ಕೆ ನನ್ನ ಬಳಿ ದೊಡ್ಡ ಪರೀಕ್ಷೆಯಿಲ್ಲ. ಅಂಕಪಟ್ಟಿಯಲ್ಲಿ ತೊಂಬತ್ತು ಇದ್ದೂ ಚೂರಿ ಏಕೆ ಕೆಂಪಾಯಿತೆಂದು ಕೇಳದ ಮಕ್ಕಳಿದ್ದಾರೆ. ಅವರಿಗೆ ಬಿ.ಕಾಂ. ಅಥವಾ ನರ್ಸಿಂಗ್ ಬೇಗ ಹಣ ತಂದುಕೊಡಬಹುದು. ಈ ಲೆಕ್ಕವನ್ನೇ ಆ ಪದವಿಗಳಿಗೂ ಹಾಕಿ ಹೋಲಿಸಿ. ಅಂದಹಾಗೆ, ಆ ಕೆಂಪು ತಾಮ್ರವೇ. ಸುಣ್ಣ ಸಾಲದೆ ದ್ರಾವಣದಲ್ಲಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕುಳಿತುಕೊಳ್ಳುತ್ತದೆ, ಕಬ್ಬಿಣ ಅದರ ಬದಲು ಕರಗುತ್ತದೆ. ನಾನು ಹೇಳುವ ಮೊದಲೇ ಅವಳು ಅರ್ಧ ಊಹಿಸಿದ್ದಳು.

ಎಂಟನೆಯ ಹೆಜ್ಜೆ: ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಭಾನುವಾರ

ಎಂ.ಎಸ್ಸಿ. ದಾರಿ ಹಿಡಿಯುವವರು ಜಾಮ್ ಪರೀಕ್ಷೆಯನ್ನು ಬಿಡಬಾರದು. ಐಐಟಿಗಳು, ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿಯ ಸಂಯೋಜಿತ ಪಿಎಚ್.ಡಿ. ಎಲ್ಲಕ್ಕೂ ಇದೇ ಬಾಗಿಲು. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಇಂಗ್ಲಿಷಿನಲ್ಲಿ. ಅಂತಿಮ ವರ್ಷದಲ್ಲಿ ಇರುವಾಗಲೇ ಬರೆಯಬಹುದು. ಅರ್ಜಿ ಕರೆಯುವುದು ಸೆಪ್ಟೆಂಬರ್ ಹೊತ್ತಿಗೆ. ಹಾಗೆ ಬರೆದು ಸೀಟು ಹಿಡಿದರೆ ನಡುವೆ ಕುಳಿತುಕೊಳ್ಳುವ ವರ್ಷವೇ ಬರುವುದಿಲ್ಲ, 13,58,000ದ ಸಾಲು ನಿಮ್ಮ ಪುಟದಲ್ಲಿ ಇರುವುದಿಲ್ಲ.

ಪರೀಕ್ಷೆ ನಡೆಯುವುದು ಫೆಬ್ರವರಿಯ ಒಂದು ಭಾನುವಾರ. ರೊಬಸ್ಟಾ ಕೊಯ್ಲು ಏರಿರುವ ಕಾಲ, ಆಳು ಸಿಗದ ಕಾಲ. ನೆರೆಯವರಿಗೆ ಚೀಟಿ ಕೊಡುವಾಗ ಕೊನೆಯ ಸಾಲಾಗಿ ಬರೆದುಕೊಟ್ಟೆ: ಮೂರನೆಯ ವರ್ಷದ ಜನವರಿಯಿಂದ ಆ ಭಾನುವಾರದವರೆಗೆ ಇವಳನ್ನು ಕೊಯ್ಲಿಗೆ ಕರೆಯಬಾರದು. ಅವರು ಓದಿ, ‘ಅಷ್ಟು ದಿನವಾ ಮೇಷ್ಟ್ರೇ?’ ಎಂದರು. ಮಗಳು ಅವರ ಕೈಯಿಂದ ಚೀಟಿ ತೆಗೆದುಕೊಂಡು ನಾಲ್ಕಾಗಿ ಮಡಿಸಿ ಅಂಕಪಟ್ಟಿಯ ಕವರಿನೊಳಗೆ ಇಟ್ಟುಕೊಂಡಳು.